ಪವನಾ ದಂಡೆಯ ಚಿಂಚವಡ: ನಮ್ಮ ಭೀಮೆಗೆ ನೀರು ಕಳಿಸುವ ಊರು

ಪುಣೆಯಲ್ಲಿದ್ದೇವೆ ಎಂದು ಊರಲ್ಲಿ ಹೇಳಿಕೊಳ್ಳುವ ಐಟಿ ಮಂದಿಯಲ್ಲಿ ಬಹಳಷ್ಟು ಜನ ನಿಜಕ್ಕೂ ಪುಣೆಯಲ್ಲಿ ಇರುವುದಿಲ್ಲ. ನನ್ನದೇ ಲೆಕ್ಕ ಕೊಡುತ್ತೇನೆ. ಆಫೀಸು ಹಿಂಜವಡಿಯ ಐಟಿ ಪಾರ್ಕಿನಲ್ಲಿ. ಅದು ಪುಣೆ ಮಹಾನಗರಪಾಲಿಕೆಯ ಹದ್ದಿನಾಚೆ. ಮನೆ ಚಿಂಚವಡದಲ್ಲಿ. ಅದಕ್ಕೆ ಬೇರೆಯೇ ಪಾಲಿಕೆ, ಬೇರೆಯೇ ಪೊಲೀಸ್ ಕಮಿಷನರು. ಮುಂಬೈ ಹೆದ್ದಾರಿ ಹಿಡಿದು ದಾಪೋಡಿಯ ಹ್ಯಾರಿಸ್ ಸೇತುವೆ ದಾಟಿದರೆ ಕೆಳಗೆ ಮುಳಾ ನದಿ. ಅಲ್ಲಿಗೆ ಪುಣೆ ಮುಗಿದು ಪಿಂಪರಿ-ಚಿಂಚವಡ ಶುರುವಾಗುತ್ತದೆ. ನಡುವೆ ಒಂದು ಹೊಲ, ಒಂದು ಗುಡ್ಡವೂ ಕಾಣುವುದಿಲ್ಲವಾದ್ದರಿಂದ ಹೊಸಬರಿಗೆ ಎರಡೂ ಒಂದೇ ಊರು. 2011ರ ಜನಗಣತಿಯಲ್ಲಿ ಪಿಂಪರಿ-ಚಿಂಚವಡದ ಜನಸಂಖ್ಯೆ 17,27,692 ಇತ್ತು. ಉಪನಗರ ಎಂದು ಕರೆಯಲು ಸ್ವಲ್ಪ ಮುಜುಗರವಾಗುವಷ್ಟು ದೊಡ್ಡ ಊರು.

ಆದರೂ ಇದು ಉಪನಗರವೇ. ಪೇಶ್ವೆಗಳ ಕಾಲದಲ್ಲಿ ಪುಣೆ ರಾಜಧಾನಿ. 1732ರಲ್ಲಿ ಶನಿವಾರವಾಡೆ ಎದ್ದು ನಿಂತಾಗ ಚಿಂಚವಡ ನದಿದಂಡೆಯ ಒಂದು ದೇವರ ಊರು. ಪುಣೆಯ ದೊರೆಗಳು ಇಲ್ಲಿಗೆ ಬರುತ್ತಿದ್ದದ್ದು ಕೈ ಮುಗಿಯಲು. ಹೆಸರನ್ನು ಒಡೆದರೆ ಚಿಂಚ ಎಂದರೆ ಹುಣಸೆ, ವಡ ಎಂದರೆ ಆಲ. ಹಳೆಯ ಗಾಂವ್ ಭಾಗದಲ್ಲಿ ನಾನು ಬಾಡಿಗೆಗಿದ್ದ ಮನೆಯ ಕಾಕೂ ಈ ಅರ್ಥವನ್ನು ಬಂದವರಿಗೆಲ್ಲ ಹೇಳುತ್ತಿದ್ದರು, ಹೇಳಿ ಹಿತ್ತಲಿನ ಹುಣಸೆ ಮರ ತೋರಿಸುತ್ತಿದ್ದರು. ಆಲ ಎಲ್ಲಿದೆ ಎಂದರೆ ಅಪಾರ್ಟ್‌ಮೆಂಟ್ ಕಡೆ ಕೈ ಮಾಡುತ್ತಿದ್ದರು.

ಬೀದರಿನಿಂದ ಬಂದವರು

ಚಿಂಚವಡಕ್ಕೆ ಬಂದ ಮೊದಲ ಕನ್ನಡ ನಾಡಿನ ವಲಸಿಗರು ಯಾರು ಎಂದು ಯಾರಾದರೂ ಕೇಳಿದರೆ ನಾನು ಮೋರಯಾ ಗೋಸಾವಿಯವರ ಹೆಸರು ಹೇಳುತ್ತೇನೆ. ಗಣಪತಿ ಭಕ್ತರಾದ ಈ ಸಂತರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವರ ಮೂಲ ಬೀದರ ಎಂದು ಒಂದು ಪರಂಪರೆ ಹೇಳುತ್ತದೆ. ಅಲ್ಲಿಂದ ಮೋರಗಾಂವಿಗೆ ಹೋಗಿ, ಕೊನೆಗೆ ಪವನಾ ದಂಡೆಯಲ್ಲಿ ನೆಲೆಸಿ, ಇಲ್ಲೇ ಸಂಜೀವನ ಸಮಾಧಿ ಪಡೆದರು. ಗಣಪತಿ ಕಳಿಸುವಾಗ ನಮ್ಮ ಕಲಬುರಗಿಯ ಓಣಿಗಳಲ್ಲೂ ಕೂಗುತ್ತೇವಲ್ಲ, 'ಗಣಪತಿ ಬಪ್ಪಾ ಮೋರಯಾ' ಅಂತ, ಆ ಮೋರಯಾ ಇವರೇ ಎನ್ನುತ್ತಾರೆ ಇಲ್ಲಿನವರು. ಚಿಕ್ಕಂದಿನಲ್ಲಿ ನನಗೆ ಅದು ಗಣಪತಿಯ ಇನ್ನೊಂದು ಹೆಸರು ಎಂದಿತ್ತು.

ಸಮಾಧಿ ಮಂದಿರ ಕಲ್ಲಿನದು, ಗಟ್ಟಿ, ಅಲಂಕಾರ ಕಡಿಮೆ. ಮೆಟ್ಟಿಲು ಇಳಿದರೆ ನೇರ ನದಿ. ಸ್ವಲ್ಪ ದೂರದಲ್ಲಿ ಮಂಗಲಮೂರ್ತಿ ವಾಡೆ. ಇಲ್ಲಿನ ದೇವಸ್ಥಾನ ಟ್ರಸ್ಟ್ ಅಷ್ಟವಿನಾಯಕ ಕ್ಷೇತ್ರಗಳಾದ ಮೋರಗಾಂವ್, ಥೇವೂರ್, ಸಿದ್ಧಟೇಕ್ ಗುಡಿಗಳನ್ನೂ ನೋಡಿಕೊಳ್ಳುತ್ತದೆ. ವರ್ಷಕ್ಕೆ ಎರಡು ಸಲ, ಮಾಘದಲ್ಲಿ ಮತ್ತು ಭಾದ್ರಪದದಲ್ಲಿ, ಇಲ್ಲಿಂದ ಮೋರಗಾಂವಿಗೆ ಪಾಲಕಿ ಹೊರಡುತ್ತದೆ. ಮಳೆಗಾಲ ಜೋರಾದ ವರ್ಷ ಪವನಾ ನೀರು ಮಂದಿರದ ಅಂಗಳಕ್ಕೆ ಬರುತ್ತದೆ. ಮರುದಿನದ ಪತ್ರಿಕೆಗಳಲ್ಲಿ ಆ ಫೋಟೊ ಖಾಯಂ.

ಗಾಂವಿನ ಇನ್ನೊಂದು ಗುರುತು ಚಾಪೇಕರ್ ಚೌಕ. 1897ರ ಪ್ಲೇಗ್ ಕಾಲದಲ್ಲಿ ಪುಣೆಯ ಮನೆಮನೆಗೆ ಸಿಪಾಯಿಗಳನ್ನು ನುಗ್ಗಿಸಿದ ಅಧಿಕಾರಿ ರ್‍ಯಾಂಡನನ್ನು ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಗುಂಡಿಟ್ಟು ಕೊಂದ ದಾಮೋದರ ಚಾಪೇಕರ್ ಈ ಊರಿನವರು. ದಾಮೋದರ, ಬಾಲಕೃಷ್ಣ, ವಾಸುದೇವ ಮೂವರು ಅಣ್ಣತಮ್ಮಂದಿರನ್ನೂ 1898-99ರಲ್ಲಿ ಗಲ್ಲಿಗೇರಿಸಿದರು. ಚೌಕದಲ್ಲಿ ಅವರ ಪ್ರತಿಮೆಗಳಿವೆ. ಬೆಳಿಗ್ಗೆ ಎಂಟೂವರೆಗೆ ನಮ್ಮ ಕಂಪನಿ ಬಸ್ಸುಗಳು ಅದರ ಸುತ್ತ ಹಾರ್ನ್ ಹೊಡೆಯುತ್ತ ನಿಂತಿರುತ್ತವೆ.

ಭೋಂಗಾ ಕೂಗಿದ ಮೇಲೆ

ದೇವರ ಊರು ಕಾರ್ಖಾನೆಗಳ ಊರಾದದ್ದು ಬಹಳ ಬೇಗ. ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಪಿಂಪರಿಯ ಕ್ಯಾಂಪಿನಲ್ಲಿ ನೆಲೆ ನಿಂತರು. ಬಟ್ಟೆ ಖರೀದಿಗೆ ಇಂದಿಗೂ ಪಿಂಪರಿ ಕ್ಯಾಂಪೇ ಬೇಕು. 1954ರಲ್ಲಿ ಹಿಂದುಸ್ತಾನ್ ಆ್ಯಂಟಿಬಯೋಟಿಕ್ಸ್ ಬಂತು. 60ರ ದಶಕದಲ್ಲಿ ಎಂಐಡಿಸಿ ಜಮೀನು ಹಿಡಿಯಿತು, ಆಕುರ್ಡಿಯಲ್ಲಿ ಬಜಾಜ್, 1966ರಲ್ಲಿ ಟೆಲ್ಕೊ. ಹೊಲಗಳ ನಡುವೆ ಭೋಂಗಾ, ಅಂದರೆ ಮಿಲ್ಲಿನ ಸೈರನ್ನು, ಕೂಗತೊಡಗಿತು. ಪಿಂಪರಿ, ಚಿಂಚವಡ, ಆಕುರ್ಡಿ, ಭೋಸರಿ ಹಳ್ಳಿಗಳು ಸೇರಿ 1970ರಲ್ಲಿ ನಗರಸಭೆ. 1982ರ ಅಕ್ಟೋಬರ್ 11ರಂದು ಮಹಾನಗರಪಾಲಿಕೆ. ಜಕಾತಿಯ ಹಣ ಹರಿದು ಬರುತ್ತಿದ್ದ ಕಾಲದಲ್ಲಿ ಏಷ್ಯಾದಲ್ಲೇ ಶ್ರೀಮಂತ ಪಾಲಿಕೆ ನಮ್ಮದು ಎಂದು ಇಲ್ಲಿನವರು ಬೀಗುತ್ತಿದ್ದರು. ರಸ್ತೆಗಳ ಅಗಲ ನೋಡಿದರೆ ಪೂರ್ತಿ ಸುಳ್ಳಿರಲಾರದು ಅನಿಸುತ್ತದೆ.

ಟೆಲ್ಕೊ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಸುಧಾ ಮೂರ್ತಿಯವರು. ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಎಂಬ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದು, ಕೆಲಸ ಗಿಟ್ಟಿಸಿದ ಕಥೆಯನ್ನು ಅವರೇ ಬರೆದಿದ್ದಾರೆ. ನಮ್ಮ ಸೊಸೈಟಿಯಲ್ಲಿ ಟೆಲ್ಕೊದಿಂದ ನಿವೃತ್ತರಾದ ಧಾರವಾಡದ ಹಿರಿಯರೊಬ್ಬರಿದ್ದಾರೆ. ಪುಣೆಯ ಕನ್ನಡಿಗರ ಮಾತು ಬಂದಾಗಲೆಲ್ಲ ಈ ಕಥೆಯನ್ನು ಸ್ವತಃ ಕಂಡವರಂತೆ ಹೇಳುತ್ತಾರೆ. ಆ ಪೀಳಿಗೆ ಪಾಳಿ ಕೆಲಸ ಮಾಡಿ, ಪ್ರಾಧಿಕರಣದ ಕಡೆ ಪ್ಲಾಟು ಹಿಡಿದು, ಮಕ್ಕಳನ್ನು ಮರಾಠಿ ಶಾಲೆಗೆ ಹಾಕಿ ಇಲ್ಲಿಯವರೇ ಆಗಿಹೋಯಿತು. ನಮ್ಮ ಪೀಳಿಗೆಯದು ಲ್ಯಾಪ್‌ಟಾಪ್ ಚೀಲ, ಹಿಂಜವಡಿಯ ಟ್ರಾಫಿಕ್ಕು ಮತ್ತು ಹನ್ನೊಂದು ತಿಂಗಳ ಬಾಡಿಗೆ ಕರಾರು.

ಇನ್ನೂ ಒಂದು ಕನ್ನಡವಿದೆ ಇಲ್ಲಿ. ಬೆಳಿಗ್ಗೆ ಥೇರಗಾಂವಿನ ಡಾಂಗೆ ಚೌಕದ ಮಜೂರ ಅಡ್ಡಾದ ಪಕ್ಕ ನಡೆದು ಹೋಗಿ, ಕೇಳಿಸುತ್ತದೆ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯ ಮಂದಿ ಬುಟ್ಟಿ, ಸನಿಕೆ ಹಿಡಿದು ನಿಂತಿರುತ್ತಾರೆ. ನಾವು ಇರುವ ಟವರುಗಳನ್ನು ಕಟ್ಟಿದವರಲ್ಲಿ ಅವರೂ ಇದ್ದಾರೆ. ನಮ್ಮಿಬ್ಬರ ಊರು ಒಂದೇ ತಾಲ್ಲೂಕಿನವಾಗಿರಬಹುದು, ಬರುವ ಉದ್ಯಾನ್ ಎಕ್ಸ್‌ಪ್ರೆಸ್ಸೂ ಒಂದೇ; ಬೋಗಿ ಬೇರೆ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಚಿಂಚವಡ ಕಷ್ಟವೇ ಅಲ್ಲ. ಜೋಳದ ರೊಟ್ಟಿಯನ್ನು ಭಾಕ್ರಿ ಅನ್ನಬೇಕು, ಪುಂಡಿಪಲ್ಯ ಬೇಕಾದರೆ ಮಂಡಿಯಲ್ಲಿ ಅಂಬಾಡಿ ಎಂದು ಕೇಳಬೇಕು, ಶೇಂಗಾ ಹಿಂಡಿ ಸೋಲಾಪುರದ ಹೆಸರಲ್ಲಿ ಸಿಗುತ್ತದೆ. ಊರಿನ ಹೆಸರುಗಳು ಮಾತ್ರ ಮೊದಮೊದಲು ನಗು ತರಿಸುತ್ತವೆ. ಪವನಾ-ಮುಳಾ ನಡುವೆ ಪಿಂಪಳೆ ಗುರವ್, ಪಿಂಪಳೆ ನಿಲಖ್, ಪಿಂಪಳೆ ಸೌದಾಗರ್ ಎಂಬ ಮೂರು ಊರುಗಳಿವೆ. ಇಂಗ್ಲಿಷ್ ಬೋರ್ಡು ಓದಿದ ನನ್ನ ತಂಗಿ ಮುಖದ ಮೊಡವೆ ಮುಟ್ಟಿಕೊಂಡಳು. ಸಿಟಿ ಬಸ್ಸಿನ ಮೇಲೆ 'ಆಳಂದಿ' ಎಂದು ಕಂಡಾಗಲೆಲ್ಲ ನನಗೆ ನಮ್ಮ ಆಳಂದ ನೆನಪಾಗಿ, ಮನೆಗೇ ಹೋಗುವ ಬಸ್ಸೇನೋ ಅನಿಸುತ್ತದೆ.

ರಾವೇತ್‌ನ ಒಡ್ಡು

ಈಗ ನೀರಿನ ವಿಷಯ. ನಿಜ ಹೇಳಬೇಕೆಂದರೆ ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ.

ಪವನಾ ಹುಟ್ಟುವುದು ಲೋಣಾವಳಾ ಕಡೆಯ ಸಹ್ಯಾದ್ರಿಯಲ್ಲಿ. ಮಾವಳ ತಾಲ್ಲೂಕಿನಲ್ಲಿ ಅದಕ್ಕೆ ಅಣೆಕಟ್ಟು. ವಾರಾಂತ್ಯದಲ್ಲಿ ಐಟಿ ಹುಡುಗರು ಟೆಂಟ್ ಹಾಕಿ ಗಿಟಾರ್ ಬಾರಿಸುವ ಪವನಾ ಕೆರೆ ಅದೇ. ನಮ್ಮ ನಲ್ಲಿಯ ನೀರಿನ ಬಹುಪಾಲು ಅಲ್ಲಿಂದಲೇ ಬರುತ್ತದೆ. ಹೊಸಬರಿಗೆ ಆಶ್ಚರ್ಯವಾಗುವ ಸಂಗತಿ ಎಂದರೆ, ನಡುವೆ ಪೈಪೇ ಇಲ್ಲ. ಡ್ಯಾಮಿನಿಂದ ಬಿಟ್ಟ ನೀರು ಸುಮಾರು 35 ಕಿ.ಮೀ. ನದಿಯಲ್ಲೇ ಹರಿದು ರಾವೇತ್‌ನ ಒಡ್ಡಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಪಂಪು ಮಾಡಿ ನಿಗಡಿಯ ಘಟಕದಲ್ಲಿ ಶುದ್ಧ ಮಾಡಿ ಊರಿಗೆ ಹಂಚುತ್ತಾರೆ. 2019ರ ನವೆಂಬರಿನಿಂದ ನಮಗೆ ನೀರು ದಿನ ಬಿಟ್ಟು ದಿನ. ಆಂದ್ರಾ ಅಣೆಕಟ್ಟಿನ ನೀರೂ ಈಚೆಗೆ ಸೇರಿಕೊಂಡಿದೆ, ಆದರೂ ಬೇಸಿಗೆ ಬಂತೆಂದರೆ ಸೊಸೈಟಿಗಳ ಮುಂದೆ ಟ್ಯಾಂಕರುಗಳ ಸಾಲು ತಪ್ಪುವುದಿಲ್ಲ.

ಡ್ಯಾಮಿನಿಂದ ನೇರ ಪೈಪು ಹಾಕಿದರೆ ಸೋರಿಕೆ ಉಳಿಯುತ್ತದೆ, ನೀರು ಕೆಡುವುದಿಲ್ಲ. ಎಂಜಿನಿಯರಾದವನಿಗೆ ಮೊದಲು ಹೊಳೆಯುವುದು ಇದೇ. ಪಾಲಿಕೆಗೂ ಹೊಳೆದಿತ್ತು. ಮಾವಳದ ರೈತರು ಬೇಡವೆಂದರು. ನೀರು ಪೈಪಿನೊಳಗೆ ಹೋದರೆ ನದಿ ಒಣಗುತ್ತದೆ, ದಂಡೆಯ ನಮ್ಮ ಮೋಟಾರುಗಳು ಏನನ್ನು ಎತ್ತಬೇಕು ಎಂಬುದು ಅವರ ಪ್ರಶ್ನೆ. 2011ರ ಆಗಸ್ಟ್ 9ರಂದು ಮುಂಬೈ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ನಡೆದ ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿ ಮೂವರು ಸತ್ತರು. ಯೋಜನೆ ವರ್ಷಗಟ್ಟಲೆ ನಿಂತುಹೋಯಿತು. 2023ರಲ್ಲಿ ಸರ್ಕಾರ ತಡೆ ತೆಗೆದ ಮೇಲೂ ಮಾವಳದ ಮನಸ್ಸು ಬದಲಾಗಿಲ್ಲ. ನಾನು ಟ್ಯಾಂಕರಿಗೆ ದುಡ್ಡು ಕೊಡುವವನು, ಪೈಪು ಬಂದರೆ ಲಾಭ ನನಗೇ. ಆದರೂ ಈ ಜಗಳದಲ್ಲಿ ನನ್ನ ಮನಸ್ಸು ಮಾವಳದ ಕಡೆ ವಾಲುತ್ತದೆ. ನಮ್ಮ ಮನೆಯದ್ದೂ ನದಿಗೆ ಮೋಟಾರು ಇಟ್ಟ ಹೊಲ, ಅಫಜಲಪುರ ತಾಲ್ಲೂಕಿನಲ್ಲಿ, ಇದೇ ನೀರಿನ ಕೆಳದಂಡೆಯಲ್ಲಿ.

ಕೆಳದಂಡೆ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಪವನಾ ದಾಪೋಡಿ ಹತ್ತಿರ ಮುಳಾ ನದಿಗೆ ಸೇರುತ್ತದೆ. ಮುಳಾ ಪುಣೆಯ ಸಂಗಮದಲ್ಲಿ ಮುಠಾ ಜೊತೆ ಕೂಡುತ್ತದೆ. ಮುಳಾ-ಮುಠಾ ದೌಂಡ್ ತಾಲ್ಲೂಕಿನ ಕಡೆ ಭೀಮೆಯಲ್ಲಿ ಬೆರೆಯುತ್ತದೆ. ಭೀಮೆ ಉಜನಿ ಅಣೆಕಟ್ಟಿನಲ್ಲಿ ನಿಂತು, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ನಮ್ಮ ರಾಜ್ಯಕ್ಕೆ ಬರುತ್ತದೆ. ಸೊನ್ನ ಬ್ಯಾರೇಜು, ಘತ್ತರಗಿ, ಗಾಣಗಾಪುರ ದಾಟಿ ರಾಯಚೂರು ಕಡೆ ಕೃಷ್ಣೆಯ ಪಾಲಾಗುತ್ತದೆ. ಆಷಾಢದಲ್ಲಿ ದೇಹುವಿನಿಂದ ಹೊರಟ ತುಕಾರಾಮರ ಪಾಲಕಿ ಆಕುರ್ಡಿಯಲ್ಲಿ ತಂಗಿ, ನಮ್ಮ ಹೆದ್ದಾರಿಯ ಮೇಲೆ ನಡೆದು ಪಂಢರಪುರಕ್ಕೆ ಹೋಗುತ್ತದೆ. ಈ ನೀರು ಹೋಗುವುದೂ ಅಲ್ಲಿಗೇ.

ರಾವೇತ್ ಒಡ್ಡಿನ ತನಕ ಪವನಾ ನದಿಯಂತೆ ಇರುತ್ತದೆ. ಅದನ್ನು ದಾಟಿದ ಮೇಲೆ ಏನಾಗುತ್ತದೆ ಎಂದು ನೋಡಬೇಕಾದರೆ ಒಂದು ಭಾನುವಾರ ಬೆಳಿಗ್ಗೆ ರಾವೇತ್‌ನಿಂದ ಥೇರಗಾಂವ್ ಬೋಟ್ ಕ್ಲಬ್, ಅಲ್ಲಿನ ಕೇಜುದೇವಿ ಒಡ್ಡು, ಆಮೇಲೆ ಚಿಂಚವಡದ ಘಾಟ್, ಪಿಂಪರಿ, ಕಾಸಾರವಾಡಿ ಹೀಗೆ ಸೈಕಲ್ಲಿನಲ್ಲಿ ಇಳಿದು ಹೋಗಿ. ನಾಲೆಗಳು ಒಂದೊಂದಾಗಿ ಬಂದು ಸೇರುತ್ತವೆ. ನೀರು ಮೊದಲು ಕಂದು, ಆಮೇಲೆ ಕಪ್ಪು. ಚಳಿಗಾಲ ಮುಗಿಯುವ ಹೊತ್ತಿಗೆ ನೀರೇ ಕಾಣುವುದಿಲ್ಲ, ದಂಡೆಯಿಂದ ದಂಡೆಗೆ ಅಂತರಗಂಗೆ ಹಬ್ಬಿರುತ್ತದೆ. ಇಲ್ಲಿ ಅದಕ್ಕೆ ಜಲಪರ್ಣಿ ಎನ್ನುತ್ತಾರೆ. ಸಂಜೆ ಕಿಟಕಿ ತೆರೆದರೆ ಸೊಳ್ಳೆಗಳ ಮೋಡ. ಕೊಳಚೆ ನೀರು ಶುದ್ಧ ಮಾಡಲು ಕಾಸಾರವಾಡಿ, ಚಿಖಲಿ, ಸಾಂಗವಿಗಳಲ್ಲಿ ಘಟಕಗಳಿವೆ. ಆದರೆ ಊರು ಬೆಳೆದ ವೇಗಕ್ಕೆ ಚರಂಡಿ ಜಾಲ ಬೆಳೆಯಲಿಲ್ಲ, ಘಟಕದ ದಾರಿ ಹಿಡಿಯದ ಕೊಳಚೆ ನೇರ ನದಿಯ ದಾರಿ ಹಿಡಿಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿಪಾತ್ರಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ 53 ಮಹಾರಾಷ್ಟ್ರದವು. ಪವನಾ, ಮುಳಾ, ಮುಠಾ, ಇಂದ್ರಾಯಣಿ ಎಲ್ಲವೂ ಅದರಲ್ಲಿದ್ದವು.

ಬಾಡಿಗೆ ಮನೆಯ ಕಾಕೂ ಮದುವೆಯಾಗಿ ಬಂದಾಗ ಇದೇ ಘಾಟಿನಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ, ಮಕ್ಕಳು ಮೀನು ಹಿಡಿಯುತ್ತಿದ್ದರಂತೆ. ಅವರಿಗೆ ಅದು ದುಃಖದ ಸಂಗತಿಯಾಗಿ ಉಳಿದಿಲ್ಲ, ಹಳೆಯ ಸಿನಿಮಾ ಕಥೆ ಹೇಳಿದಂತೆ ಹೇಳುತ್ತಾರೆ.

ಎರಡು ವರ್ಷದ ಹಿಂದೆ ಅಪ್ಪ ಬಂದಿದ್ದರು. ಮೋರಯಾ ಗೋಸಾವಿ ದರ್ಶನಕ್ಕೆ ಕರೆದುಕೊಂಡು ಹೋದೆ. ಗುಡಿಗೆ ಹೋಗುವ ಮುನ್ನ ಹೊಳೆಯಲ್ಲಿ ಕಾಲು ತೊಳೆಯುವುದು ಅವರ ರೂಢಿ. ಗಾಣಗಾಪುರದಲ್ಲಾದರೆ ಸಂಗಮಕ್ಕೆ ಇಳಿಯದೆ ಮೇಲೆ ಬರುವವರಲ್ಲ. ಇಲ್ಲಿ ಎರಡು ಮೆಟ್ಟಿಲು ಇಳಿದವರು ನಿಂತರು.

"ಇದೇ ನೀರೇನೋ ನಮ್ ಕಡಿ ಬರೋದು?"

"ಇದೇ ಅಪ್ಪಾ. ಉಜನಿಗಿ ಹೋಗೂತನ ತಿಳಿ ಆಗ್ತದ."

"ತಿಳಿ ಆಗ್ತದ," ಎಂದು ನನ್ನ ಮಾತನ್ನೇ ಮೆಲ್ಲಗೆ ಹೇಳಿ, ಮೇಲೆ ಬಂದು ನಲ್ಲಿಯಲ್ಲಿ ಕಾಲು ತೊಳೆದರು.

ನದಿ ಉದ್ದಕ್ಕೂ ಸಾಗುವಾಗ ಸ್ವಲ್ಪ ಮಟ್ಟಿಗೆ ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ, ನಿಂತ ನೀರಿನಲ್ಲಿ ಗಸಿ ತಳಕ್ಕಿಳಿಯುತ್ತದೆ, ಇದೆಲ್ಲ ಸರಿಯೇ. ಆದರೆ 117 ಟಿಎಂಸಿಯ ಉಜನಿ ಎಂದರೆ ಪುಣೆ, ಪಿಂಪರಿ-ಚಿಂಚವಡ ಎರಡೂ ಊರುಗಳ ಕೊಳಚೆ ಹೋಗಿ ನಿಲ್ಲುವ ತೊಟ್ಟಿ ಎಂಬುದೂ ಅಷ್ಟೇ ಸರಿ. ಬೇಸಿಗೆಯಲ್ಲಿ ಭೀಮೆಗೆ ನೀರು ಬಿಡಿ ಎಂದು ನಮ್ಮ ಕಡೆಯವರು ಕೇಳುವುದು ಆ ತೊಟ್ಟಿಯಿಂದಲೇ. ನೀರಿನ ಲೆಕ್ಕವನ್ನು ಟಿಎಂಸಿಯಲ್ಲಿ ಕೇಳುತ್ತೇವೆ, ಬಣ್ಣ ಮತ್ತು ವಾಸನೆಯ ಲೆಕ್ಕವನ್ನು ಯಾವ ಸಭೆಯಲ್ಲೂ ಗಟ್ಟಿಯಾಗಿ ಕೇಳಿದ್ದು ನಾನು ಕಂಡಿಲ್ಲ.

ನೀಲಿ ಗೆರೆ

ಮೂರು ವರ್ಷದ ಹಿಂದೆ ನಾವು ಮನೆ ಕೊಳ್ಳಲು ಹೊರಟೆವು. ನದಿ ಪಕ್ಕದ ಒಂದು ಕಟ್ಟಡದ ಐದನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು ಎಲ್ಲ ರೀತಿಯಲ್ಲೂ ಒಪ್ಪುವಂತಿತ್ತು: ಹೊಸ ಟೈಲ್ಸು, ಅಗಲ ಬಾಲ್ಕನಿ, ನನ್ನ ಬಸ್ ಸ್ಟಾಪಿಗೆ ಹತ್ತು ನಿಮಿಷ, ಮಗಳ ಶಾಲೆ ಎದುರಿಗೇ. ಬಾಲ್ಕನಿಯಿಂದ ಹಸಿರು ಕಾಣುತ್ತಿತ್ತು. ಅದು ಜಲಪರ್ಣಿ ಎಂದು ನನಗೂ ಏಜೆಂಟನಿಗೂ ಗೊತ್ತು. ಅವನು 'ರಿವರ್ ವ್ಯೂ' ಎಂದ. ನದಿ ಸುಧಾರಣೆ ಯೋಜನೆ ಬರುತ್ತಿದೆ, ದಂಡೆಗೆ ವಾಕಿಂಗ್ ಟ್ರ್ಯಾಕ್ ಆಗುತ್ತದೆ, ರೇಟು ಎಲ್ಲಿಗೋ ಹೋಗುತ್ತದೆ ಎಂದ. ನೀಲಿ ಗೆರೆಯ ವಿಷಯ ಕೇಳಿದೆ. "ಬ್ಯಾಂಕು ಸಾಲ ಕೊಡುತ್ತದೆ ಸಾಹೇಬ್, ಇನ್ನೇನು ಬೇಕು?" ಎಂದ.

ನೀಲಿ ಗೆರೆ, ಕೆಂಪು ಗೆರೆ ಎಂದರೇನು ಎಂದು ಇಲ್ಲಿ ಮನೆ ಹುಡುಕುವ ಕನ್ನಡಿಗರು ತಿಳಿದಿರಬೇಕು. ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆ ನದಿಗಳಿಗೆ ಎರಡು ಪ್ರವಾಹ ರೇಖೆ ಗುರುತು ಮಾಡುತ್ತದೆ. ಸರಾಸರಿ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ ಮುಟ್ಟುವ ಮಟ್ಟ ನೀಲಿ. 100 ವರ್ಷಕ್ಕೊಮ್ಮೆ ಬರುವಂಥದ್ದರ ಮಟ್ಟ ಕೆಂಪು. ನದಿಯಿಂದ ನೀಲಿ ಗೆರೆಯ ತನಕ ಕಟ್ಟಡ ಕಟ್ಟುವಂತಿಲ್ಲ. ನೀಲಿಯಿಂದ ಕೆಂಪಿನವರೆಗೆ ಷರತ್ತುಗಳ ಮೇಲೆ ಕಟ್ಟಬಹುದು.

'25 ವರ್ಷಕ್ಕೊಮ್ಮೆ' ಎಂಬ ಮಾತು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಹೋದ ವರ್ಷ ಬಂದು ಹೋಯಿತು, ಇನ್ನು 24 ವರ್ಷ ಚಿಂತೆಯಿಲ್ಲ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ಬರುವ ಸಾಧ್ಯತೆ ನೂರಕ್ಕೆ 4 ಎಂದರ್ಥ. ಗೃಹಸಾಲ 20 ವರ್ಷದ್ದು ಎಂದಿಟ್ಟುಕೊಳ್ಳಿ. ಒಂದು ವರ್ಷ ಬರದೇ ಇರುವ ಸಾಧ್ಯತೆ 0.96, ಅದನ್ನು 20 ಸಲ ಗುಣಿಸಿದರೆ 0.44. ಅಂದರೆ ಸಾಲ ತೀರುವುದರೊಳಗೆ ಒಮ್ಮೆಯಾದರೂ ನೀರು ನೀಲಿ ಗೆರೆ ಮುಟ್ಟುವ ಸಾಧ್ಯತೆ ನೂರಕ್ಕೆ 56. ನಾಣ್ಯ ಚಿಮ್ಮಿದ್ದಕ್ಕಿಂತ ಕೊಂಚ ಹೆಚ್ಚು. ಕೆಂಪು ಗೆರೆಗೆ ಇದೇ ಲೆಕ್ಕ ಹಾಕಿದರೆ ನೂರಕ್ಕೆ 18. ಈ ಲೆಕ್ಕಕ್ಕೆ ಎಂ.ಟೆಕ್. ಏನೂ ಬೇಡ, ಫೋನಿನ ಕ್ಯಾಲ್ಕ್ಯುಲೇಟರ್ ಸಾಕು. ಹಾಗೆ ನೋಡಿದರೆ ಮೇಲೆ ಬಾಂಧಾರ, ಡ್ಯಾಮು, ಕಾಂಕ್ರೀಟು ಹೆಚ್ಚಿದ ಊರಿನಲ್ಲಿ ಹಳೆಯ ಸರಾಸರಿಗಳೂ ಎಷ್ಟು ದಿನ ನಿಲ್ಲುತ್ತವೋ.

ಕಾಗದದ ಲೆಕ್ಕ ಏನೇ ಇರಲಿ, ನಮ್ಮ ನಿರ್ಧಾರ ಮಾಡಿಸಿದ್ದು ಆ ಕಟ್ಟಡದ ವಾಚ್‌ಮನ್. ಲಿಫ್ಟಿನ ಹತ್ತಿರ ನಾನೂ ಹೆಂಡತಿಯೂ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಏಜೆಂಟ್ ಬೈಕು ತೆಗೆಯಲು ಹೋದದ್ದೇ ತಡ ಆತ ಹತ್ತಿರ ಬಂದ. ಸೇಡಂ ಕಡೆಯವನು.

"ಸರ್, ನೀವು ನಮ್ಮ ಕಡೆಯವರೇನ್ರಿ? ಇಲ್ಲಿ ಮನಿ ತಗೋಬ್ಯಾಡ್ರಿ. ಮಳಿಗಾಲದಾಗ ಪಾರ್ಕಿಂಗ್‌ನ್ಯಾಗ ಮೊಳಕಾಲ ಮಟ ನೀರ ಬರ್ತದ. ಲಿಫ್ಟ್ ಬಂದ್, ಕರೆಂಟ್ ಬಂದ್."

"ಮತ್ತ ನೀವು ಎಲ್ಲಿರ್ತೀರಿ?" ಎಂದು ನನ್ನ ಹೆಂಡತಿ ಕೇಳಿದಳು.

ಆತ ಕಾಂಪೌಂಡಿನ ಆಚೆ, ಕಟ್ಟಡಕ್ಕಿಂತ ಇನ್ನೂ ಒಂದಾಳು ತಗ್ಗಿನಲ್ಲಿದ್ದ ತಗಡಿನ ಶೆಡ್ಡುಗಳನ್ನು ತೋರಿಸಿದ. "ನಮಗ ಎತ್ಕೊಂಡು ಓಡೋದು ಏನೈತ್ರಿ, ಎರಡು ಟ್ರಂಕು."

ನಾವು ಆ ಫ್ಲ್ಯಾಟು ಬಿಟ್ಟೆವು. ರೈಲು ಹಳಿಯ ಆಚೆ, ಎತ್ತರದ ಕಡೆ ಒಂದು ಹಳೆಯ ಕಟ್ಟಡದಲ್ಲಿ ಮನೆ ತಗೊಂಡೆವು. ಬಾಲ್ಕನಿಯಿಂದ ಕಾಣುವುದು ಎದುರು ಮನೆಯ ಬಾಲ್ಕನಿ. ಹೆಂಡತಿ ಅದಕ್ಕೂ ಎರಡು ತುಳಸಿ ಕುಂಡ ಇಟ್ಟಿದ್ದಾಳೆ.

2024ರ ಜುಲೈ 25ರಂದು ಡ್ಯಾಮುಗಳಿಂದ ನೀರು ಬಿಟ್ಟು, ಮೇಲೆ ಮಳೆಯೂ ಸುರಿದು ಪುಣೆಯ ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿದ್ದು ಕನ್ನಡ ಪತ್ರಿಕೆಗಳಲ್ಲೂ ಬಂದಿತ್ತು. ಆ ದಿನ ನಮ್ಮ ಕಡೆಯೂ ಪವನಾ, ಮುಳಾ ದಂಡೆಯ ತಗ್ಗಿನ ಮಂದಿಯನ್ನು ಪಾಲಿಕೆಯ ಶಾಲೆಗಳಿಗೆ ಸಾಗಿಸಿದರು. ವಾಚ್‌ಮನ್ ಸಂಸಾರ ಒಂದು ಶಾಲೆಯ ವರಾಂಡದಲ್ಲಿ ಎರಡು ರಾತ್ರಿ ಕಳೆಯಿತು. ಮೂರನೆಯ ದಿನ ಕೆಸರು ಬಳಿದು ಮತ್ತೆ ಅದೇ ಶೆಡ್ಡು. ನಾನು ಎತ್ತರದ ಕಡೆ ಬಾಡಿಗೆ ಕೋಣೆ ನೋಡೋಣವೇ ಎಂದೆ. ಬಾಡಿಗೆ ಹೇಳಿದ ಕೂಡಲೇ ನಕ್ಕ.

ಕಾಯಿದೆ ಕೆಲಸ ಮಾಡುವುದೇ ಇಲ್ಲ ಎಂದಲ್ಲ. ನಮ್ಮ ಪಾಲಿಕೆಯ ಇನ್ನೊಂದು ಮಗ್ಗುಲಿಗೆ ಹರಿಯುವ ಇಂದ್ರಾಯಣಿಯ ನೀಲಿ ಗೆರೆಯೊಳಗೆ ಚಿಖಲಿಯಲ್ಲಿ ಬಂಗಲೆಗಳೆದ್ದಿದ್ದವು. ಹಸಿರು ನ್ಯಾಯಮಂಡಳಿ ಕೆಡವಿ ಎಂದಿತು, ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 2025ರ ಮೇ 17ರಂದು ಪಾಲಿಕೆಯ ಬುಲ್ಡೋಜರುಗಳು 36 ಬಂಗಲೆ ಉರುಳಿಸಿದವು. ಪ್ಲಾಟು ತೆಗೆದುಕೊಂಡು ಮನೆ ಕಟ್ಟಿಸಿದವರಲ್ಲಿ ಜೀವಮಾನದ ಉಳಿತಾಯ ಸುರಿದವರೂ ಇದ್ದರು. ಟೀವಿಯಲ್ಲಿ ಅದನ್ನು ನೋಡುತ್ತ ನನ್ನ ಹೊಟ್ಟೆಯೊಳಗೆ ಒಂದು ಥರ ಆಯಿತು. ನದಿಯ ಜಾಗ ನದಿಗೆ ಸಿಕ್ಕಿದ್ದು ಸರಿ ಅನಿಸಿತು. ಆ ಜಾಗದಲ್ಲಿ ಇಷ್ಟೆಲ್ಲ ಏಳುವ ತನಕ ತಡೆಯಬೇಕಾದವರು ಎಲ್ಲಿದ್ದರು ಎಂಬ ಸಿಟ್ಟೂ ಬಂತು. ಕಟ್ಟಿದ ಮೇಲೆ ಕೆಡವುವುದು ಮಾರುವವನಿಗೆ ಪಾಠವಾಗಿರಬಹುದು, ದುಡ್ಡು ಹೋದದ್ದು ಕೊಂಡವನದು.

ಹೀಗಾಗಿ ಈ ಕಡೆ ಮನೆ ನೋಡುವ ಕನ್ನಡಿಗರಿಗೆ ನನ್ನದೊಂದು ಕೋರಿಕೆ. ಪಾಲಿಕೆಯ ವಿಕಾಸ ಆರಾಖಡಾ, ಅಂದರೆ ಅಭಿವೃದ್ಧಿ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರು ಹುಡುಕಿ ಗೆರೆ ಎಲ್ಲಿ ಹಾದಿದೆ ನೋಡಿ. ನದಿ ದಂಡೆಯ ಮನೆಯನ್ನು ಡಿಸೆಂಬರಿನಲ್ಲಿ ನೋಡಬೇಡಿ, ಆಗಸ್ಟಿನಲ್ಲಿ ನೋಡಿ. ಏಜೆಂಟ್ ಜೊತೆ ಒಮ್ಮೆ ಹೋಗಿ, ಅವನಿಲ್ಲದೆ ಇನ್ನೊಮ್ಮೆ ಹೋಗಿ. ವಾಚ್‌ಮನ್ ಕೈಯಲ್ಲಿ ಕನ್ನಡದಲ್ಲಿ ಎರಡು ಮಾತಾಡಿ ನೋಡಿ, ಸಾಕಷ್ಟು ಸಲ ಉತ್ತರ ಕನ್ನಡದಲ್ಲೇ ಬರುತ್ತದೆ.

ಊರಿನ ಬಗ್ಗೆ ಇಷ್ಟೆಲ್ಲ ದೂರು ಹೇಳಿ ಇಲ್ಲೇ ಯಾಕಿದ್ದೀಯ ಎಂದರೆ ಉತ್ತರ ಸುಲಭ. ಕೆಲಸ ಇಲ್ಲಿದೆ. ಹವೆ ಚೆನ್ನಾಗಿದೆ. 2024ರ ಸೆಪ್ಟೆಂಬರಿನಿಂದ ಪಿಂಪರಿಯಲ್ಲಿ ಮೆಟ್ರೊ ಹತ್ತಿದರೆ ಸ್ವಾರಗೇಟಿನ ತನಕ ಕೂತು ಹೋಗಬಹುದು, ನಿಗಡಿ ಕಡೆಗೂ ಹಳಿ ಹಾಕುತ್ತಿದ್ದಾರೆ. ಪುಣೆ ಕನ್ನಡ ಸಂಘ ಕಟ್ಟಿದ ಕಾವೇರಿ ಶಾಲೆ ಕಾಲೇಜುಗಳ ಹೆಸರು ಹೇಳಿದರೆ ಮರಾಠಿಯವರೂ ತಲೆದೂಗುತ್ತಾರೆ. ನನ್ನ ಮಗಳಿಗೆ ಮೂರು ಭಾಷೆ ಬರುತ್ತದೆ, ಜಗಳಕ್ಕೆ ಮರಾಠಿ, ಅಜ್ಜನ ಜೊತೆ ಕನ್ನಡ. ನಾವು ಬಂದ ಮೇಲೆ ಈ ಊರು ನಮ್ಮದೂ ಆಯಿತು, ಅದರ ಚರಂಡಿಯಲ್ಲಿ ನಮ್ಮ ಮನೆಯ ನೀರೂ ಇದೆ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದಾಗ ನಮ್ಮ ತೊಗರಿ ಹೊಲ ಪೂರ್ತಿ ನೀರಿನಡಿ ಹೋಯಿತು. ದಂಡೆಯಲ್ಲಿದ್ದ ಮೋಟಾರು ಸಿಕ್ಕಿದ್ದು ಹದಿನೈದು ದಿನದ ನಂತರ, ಅರ್ಧ ಕಿಲೋಮೀಟರ್ ಕೆಳಗೆ ಜಾಲಿಕಂಟಿಯಲ್ಲಿ. ಅಂದಿನಿಂದ ಇಲ್ಲಿ ಎರಡು ದಿನ ಬಿಡದೆ ಮಳೆ ಹೊಯ್ದರೆ ಅಪ್ಪನ ಫೋನು ಬರುತ್ತದೆ. "ನಿಮ್ ಕಡಿ ಮಳಿ ಹೆಂಗದ? ಡ್ಯಾಮ್ ಬಿಟ್ಟಾರೇನು?" ಅವರು ಟೀವಿಗಿಂತ ನನ್ನನ್ನು ನಂಬುತ್ತಾರೆ.

ಈಗ ನಾನೇ ಮೊದಲು ಫೋನು ಮಾಡುತ್ತೇನೆ. ಪವನಾ ಡ್ಯಾಮಿನ ಗೇಟು ಎತ್ತಿದ ಸುದ್ದಿ ಪಾಲಿಕೆಯಿಂದ ಮೊಬೈಲಿಗೆ ಬಂದ ಕೂಡಲೇ ಮೊದಲ ಕರೆ ವಾಚ್‌ಮನ್‌ಗೆ. ಅವನ ಕೈಲಿರುವುದು ಕೆಲವು ಗಂಟೆ. ಎರಡನೆಯದು ಅಪ್ಪನಿಗೆ. ಅವರಿಗೆ ಕೆಲವು ದಿನ ಸಿಗುತ್ತದೆ, ಮೋಟಾರು ಬಿಚ್ಚಿ ಬಂಡಿಯಲ್ಲಿ ಮೇಲಿನ ಹೊಲಕ್ಕೆ ಸಾಗಿಸಲು ಅಷ್ಟು ಸಾಕು.